ಒಂದನೇ ಕ್ಲಾಸಿನ ಬೆಳಗಿನ ಹೊತ್ತನ್ನು ಮುರಿಯಬೇಡಿ

ಸಂಪಾದಕರಿಗೆ ನಮಸ್ಕಾರ.

ಶಾಲೆ ಶುರುವಾಗುವ ಹೊತ್ತಿಗೆ ನಿಮ್ಮ ವಾಚಕರ ಪುಟದಲ್ಲಿ ಫೀಸು, ಬ್ಯಾಗಿನ ಭಾರ, ಶಾಲಾ ವ್ಯಾನುಗಳ ಬಗ್ಗೆ ಪತ್ರಗಳು ಬರುತ್ತವೆ. ಬರಬೇಕಾದ್ದೇ. ಒಂದನೇ ಕ್ಲಾಸಿಗೆ ಸೇರಲು ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಅನ್ನುವ ನಿಯಮದ ಬಗ್ಗೆಯಂತೂ ಊರೆಲ್ಲ ಮಾತಾಡಿತು. 2025-26ಕ್ಕೆ ಮಾತ್ರ ಐದು ವರ್ಷ ಐದು ತಿಂಗಳಾದರೆ ಸಾಕು ಅಂತ ಸಡಿಲಿಕೆಯೂ ಸಿಕ್ಕಿತು. ಆದರೆ ಆ ಮಗು ಕ್ಲಾಸಿನೊಳಗೆ ಕಾಲಿಟ್ಟ ಮೇಲೆ ಸಂಜೆಯವರೆಗೆ ಏನು ಮಾಡುತ್ತದೆ, ಯಾವುದಾದ ಮೇಲೆ ಯಾವುದು ಮಾಡುತ್ತದೆ ಅಂತ ಯಾರೂ ಬರೆದಿದ್ದನ್ನು ನಾನು ನೋಡಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಜಾಗ ಮಾಡಿಕೊಡಿ.

ನಾನು ಪೀಣ್ಯದ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ನಲಿ-ಕಲಿ, ಅಂದರೆ ಕಾರ್ಡು ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿಯ ಟೀಚರ್ ಆಗಿದ್ದವಳು. ಈಗ ನಿವೃತ್ತಿಯಾಗಿದೆ. ನನ್ನ ಸೊಸೆ ಒಂದು ಖಾಸಗಿ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಪಾಠ ಮಾಡುತ್ತಾಳೆ. ಈ ವರ್ಷ ಅವಳ ಕೈಗೆ ಬಂದ ಟೈಮ್ ಟೇಬಲ್ ನೋಡಿದೆ. ದಿನಕ್ಕೆ 40 ನಿಮಿಷದ ಎಂಟು ಪೀರಿಯಡ್. ಸೋಮವಾರ ಮೊದಲು ಗಣಿತ, ಮಂಗಳವಾರ ಮೊದಲು ಕಂಪ್ಯೂಟರ್, ಬುಧವಾರ ಜಿ.ಕೆ. ಕನ್ನಡ ಒಂದು ದಿನ ಊಟಕ್ಕೆ ಮುಂಚೆ, ಇನ್ನೊಂದು ದಿನ ಕಟ್ಟಕಡೆಗೆ. ಹೈಸ್ಕೂಲಿನ ಟೈಮ್ ಟೇಬಲ್ಲನ್ನೇ ತಂದು ಆರು ವರ್ಷದವರಿಗೆ ಅಂಟಿಸಿದ್ದಾರೆ.

ಒಂದು ದಿನ ಆ ಶಾಲೆಯವರ ಒಪ್ಪಿಗೆ ಕೇಳಿ ಅವಳ ಕ್ಲಾಸಿನ ಹಿಂದುಗಡೆ ಕೂತು ನೋಡಿದೆ. ಬೆಲ್ ಹೊಡೆಯುತ್ತದೆ. ಮಕ್ಕಳು ಕೈಯಲ್ಲಿದ್ದ ಪುಸ್ತಕ ಬ್ಯಾಗಿಗೆ ತುರುಕಬೇಕು, ಇನ್ನೊಂದನ್ನು ಹುಡುಕಿ ತೆಗೆಯಬೇಕು. ಒಬ್ಬನ ಪೆನ್ಸಿಲ್ ಬೆಂಚಿನ ಕೆಳಗೆ ಉರುಳಿರುತ್ತದೆ. ಒಬ್ಬಳು ಗೆರೆ ಪುಸ್ತಕದ ಬದಲು ಚೌಕದ ಪುಸ್ತಕ ತೆಗೆದಿರುತ್ತಾಳೆ. ಅಷ್ಟರಲ್ಲಿ ಹೊಸ ಟೀಚರ್ ಬಂದು ‘ಸೈಲೆನ್ಸ್’ ಅಂತ ಎರಡು ಸಲ ಹೇಳಿರುತ್ತಾರೆ. ಪಾಠ ನಿಜವಾಗಿ ಶುರುವಾಗುವ ಹೊತ್ತಿಗೆ ಏಳೆಂಟು ನಿಮಿಷ ಹೋಗಿರುತ್ತದೆ. ದಿನಕ್ಕೆ ಇಂಥ ಬದಲಾವಣೆ ಏಳು. ಲೆಕ್ಕ ಹಾಕಿ, ಹತ್ತಿರ ಹತ್ತಿರ ಒಂದು ಗಂಟೆ. ಶಿಕ್ಷಣ ಹಕ್ಕು ಕಾಯ್ದೆ 2009ರ ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ನಡೆಯಬೇಕು. ಅಂದರೆ ದಿನಕ್ಕೆ ನಾಲ್ಕು ಗಂಟೆ. ಎಷ್ಟೇ ಪೀರಿಯಡ್ ಹಾಕಲಿ, ದಿನಕ್ಕೊಂದು ಗಂಟೆ ಪುಸ್ತಕ ತೆಗೆಯೋದು ಇಡೋದರಲ್ಲೇ ಹೋದರೆ ವರ್ಷಕ್ಕೆ 200 ಗಂಟೆ ಹೋಯಿತು. ಕಾಯ್ದೆ ಹೇಳಿದ್ದರಲ್ಲಿ ಕಾಲು ಭಾಗದಷ್ಟು.

ನಾನು ಹೇಳಬೇಕೆಂದಿರುವುದು ಇಷ್ಟೇ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳಿಗೆ ದಿನದ ಕ್ರಮ ಬದಲಾಗಬಾರದು. ಒಳಗಿನ ಚಟುವಟಿಕೆ ದಿನದಿನಕ್ಕೂ ಬದಲಾಗಲಿ, ಕ್ರಮ ಮಾತ್ರ ಅದೇ ಇರಲಿ. ಆ ಕ್ರಮವನ್ನು ಟೀಚರ್ ಕಾಯಬೇಕು, ದೊಡ್ಡವರು ಯಾರೂ ಅದನ್ನು ಮುರಿಯಬಾರದು.

ಯಾಕೆ ಅಂದರೆ ಈ ವಯಸ್ಸಿನವರಿಗೆ ಗಡಿಯಾರ ನೋಡಲು ಬರುವುದಿಲ್ಲ. ‘ಹನ್ನೊಂದೂವರೆಗೆ ಆಟ’ ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ‘ಕಾರ್ಡ್ ಎತ್ತಿಟ್ಟ ಮೇಲೆ ಆಟ’ ಅಂದರೆ ತಟ್ಟನೆ ಗೊತ್ತಾಗುತ್ತದೆ. ರೂಟ್ ಗೊತ್ತಿರುವವರು ಬಸ್ಸಿನಲ್ಲಿ ಆರಾಮಾಗಿ ಕೂರುತ್ತಾರೆ, ಗೊತ್ತಿಲ್ಲದವರು ಪ್ರತಿ ಸ್ಟಾಪಿನಲ್ಲೂ ಕಂಡಕ್ಟರ್ ಮುಖ ನೋಡುತ್ತಾರೆ ಅಲ್ವಾ, ಹಾಗೆ. ಮುಂದೆ ಏನು ಅನ್ನುವುದು ಗೊತ್ತಿಲ್ಲದ ಮಗು ಟೀಚರ್ ಮುಖವನ್ನೇ ನೋಡುತ್ತಾ ಕೂರುತ್ತದೆ. ಹಾಳೆಯ ಮೇಲೆ ಕಣ್ಣು ನಿಲ್ಲುವುದಿಲ್ಲ.

ನಮ್ಮ ರಾಜ್ಯದಲ್ಲಿ ಇದನ್ನು ಅರ್ಥ ಮಾಡಿಕೊಂಡು ಕಟ್ಟಿದ ಒಂದು ಪದ್ಧತಿ ಇದೆ. ನಲಿ-ಕಲಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಶುರುವಾಯಿತು. ಅಲ್ಲಿನ ಟೀಚರುಗಳು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳಿಗೆ ಹೋಗಿ ನೋಡಿಕೊಂಡು ಬಂದು, ನಮ್ಮ ಮಕ್ಕಳಿಗೆ ಹೊಂದುವ ಹಾಗೆ ಕಾರ್ಡುಗಳನ್ನು ತಾವೇ ಕೂತು ಮಾಡಿದರು. 2009-10ರಲ್ಲಿ ಇಡೀ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆ ಬಂತು. ಒಂದೇ ಕೋಣೆಯಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು, ಗೋಡೆಯ ಮೇಲೆ ಕಲಿಯುವ ಮೆಟ್ಟಿಲುಗಳನ್ನು ಸಾಲಾಗಿ ತೋರಿಸುವ ಕಲಿಕಾ ಏಣಿ, ಪ್ರತಿ ಮಗುವೂ ತಾನು ಯಾವ ಮೈಲಿಗಲ್ಲಿನಲ್ಲಿ ಇದೆಯೋ ಅಲ್ಲಿಂದ ಮುಂದೆ. ಕಾರ್ಡಿನ ಮೇಲೆ ಚಿತ್ರದ ಲೋಗೋ ಇರುತ್ತದೆ. ಓದಲು ಬಾರದ ಮಗುವೂ ತನ್ನ ಕಾರ್ಡನ್ನು ತಾನೇ ಹುಡುಕಿಕೊಳ್ಳುತ್ತದೆ. ಇದರಲ್ಲಿ ಎಲ್ಲವೂ ಸರಿ ಇತ್ತು ಅಂತಲ್ಲ. ಕಾರ್ಡುಗಳು ಹರಿದರೆ ಹೊಸದು ಬರಲು ಕಾಯಬೇಕಿತ್ತು. ಪೂರ್ತಿ ಕತೆ ಓದುವ ಅವಕಾಶ ತುಂಬಾ ಕಡಿಮೆ ಇತ್ತು. ಆದರೆ ದಿನವನ್ನು ಹೇಗೆ ಜೋಡಿಸಬೇಕು ಅನ್ನುವುದು ನನಗೆ ಗೊತ್ತಾಗಿದ್ದೇ ಅಲ್ಲಿ. ಅದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಖಾಸಗಿ ಶಾಲೆಯವರಿಗೂ ಉಪಯೋಗಕ್ಕೆ ಬರಲಿ.

ಮೊದಲ ಅರ್ಧ ಗಂಟೆ. ಪ್ರಾರ್ಥನೆ, ಹಾಲು ಮುಗಿಸಿ ಮಕ್ಕಳು ಒಳಗೆ ಬರುತ್ತಾರೆ. ಕ್ಷೀರಭಾಗ್ಯ 2013ರ ಆಗಸ್ಟ್ 1ರಂದು ಶುರುವಾದಾಗಿನಿಂದ ಹಾಲು ನಮ್ಮ ದಿನಚರಿಯ ಭಾಗ. ಒಂದು ಮಗುವಿಗೆ 18 ಗ್ರಾಂ ಪುಡಿ, 150 ಮಿಲಿ ಹಾಲು. ಪುಡಿಯನ್ನು ಮೊದಲು ಬೆಚ್ಚಗಿನ ನೀರಿನಲ್ಲಿ ಕದಡಿಕೊಂಡರೆ ಗಂಟಾಗುವುದಿಲ್ಲ. ಕುದಿಯುವ ನೀರಿಗೇ ಸುರಿದರೆ ಗಂಟುಕಟ್ಟಿ, ಮಕ್ಕಳು ಲೋಟ ಹಿಡಿದು ನಿಂತೇ ಇರುತ್ತಾರೆ, ಹತ್ತು ನಿಮಿಷ ಜಾಸ್ತಿ ಹೋಗುತ್ತದೆ. ದಿನಚರಿ ಅನ್ನುವುದು ಇಂಥ ಸಣ್ಣ ವಿಷಯಗಳಲ್ಲೇ ಉಳಿಯುತ್ತದೆ, ಇಲ್ಲಾ ಕೆಡುತ್ತದೆ.

ಒಳಗೆ ಬಂದ ಮಗು ನನ್ನ ಮೇಜಿನ ಹತ್ತಿರ ಬರುವ ಹಾಗಿರಲಿಲ್ಲ. ನೇರ ಗೋಡೆಗೆ. ಅಲ್ಲಿ ಬಟ್ಟೆಯಲ್ಲಿ ಹೊಲಿದ ಎರಡು ಸಾಲು ಜೇಬು, ಒಂದು ಮನೆ, ಒಂದು ಶಾಲೆ. ತನ್ನ ಹೆಸರಿನ ಚೀಟಿಯನ್ನು ಮನೆಯ ಜೇಬಿನಿಂದ ತೆಗೆದು ಶಾಲೆಯ ಜೇಬಿಗೆ ಹಾಕಬೇಕು. ಜೂನ್ ತಿಂಗಳಲ್ಲಿ ಚೀಟಿಯ ಮೇಲಿನ ಹೂವೋ ಚಿಟ್ಟೆಯೋ ನೋಡಿ ಗುರುತಿಸುತ್ತಾರೆ. ಆಗಸ್ಟ್ ಹೊತ್ತಿಗೆ ಚಿತ್ರವನ್ನು ಮಡಚಿ ಹಿಂದಕ್ಕೆ ಹಾಕುತ್ತೇನೆ, ಹೆಸರು ಮಾತ್ರ ಕಾಣುತ್ತದೆ. ಯಾರೂ ತಡವರಿಸುವುದಿಲ್ಲ. ಅಷ್ಟೇ ಅಲ್ಲ, ಪಕ್ಕದವನ ಹೆಸರೂ ಗೊತ್ತಿರುತ್ತದೆ. ಬಾರದವನ ಚೀಟಿ ಮನೆಯ ಜೇಬಿನಲ್ಲೇ ಉಳಿದಿರುತ್ತದಲ್ಲ, ಅದನ್ನು ಓದಿ ‘ಇವನು ಯಾಕೆ ಬಂದಿಲ್ಲ ಮಿಸ್’ ಅಂತ ಅವರೇ ಕೇಳುತ್ತಾರೆ. ಹಾಜರಿ ಕೂಗಿದ್ದರೆ ಇದೆಲ್ಲ ನಡೆಯುತ್ತಿರಲಿಲ್ಲ. ‘ಪ್ರೆಸೆಂಟ್ ಮಿಸ್’ ಅಂದು ಮುಗಿಯುತ್ತಿತ್ತು.

ಆಮೇಲೆ ಹವಾಮಾನ ನಕ್ಷೆ. ಬಿಸಿಲು, ಮೋಡ, ಮಳೆ, ಗಾಳಿ, ಚಳಿ. ದಿನಕ್ಕೊಬ್ಬರು ಕಿಟಕಿಯಿಂದ ಹೊರಗೆ ನೋಡಿ ಗುರುತು ಹಾಕಬೇಕು. ಬೆಂಗಳೂರಿನ ಜೂನ್ ಬೆಳಗ್ಗೆ ಮೋಡ ಅನ್ನಬೇಕೋ ಬಿಸಿಲು ಅನ್ನಬೇಕೋ ಅಂತ ಮಕ್ಕಳಲ್ಲಿ ದೊಡ್ಡ ವಾದವೇ ನಡೆಯುತ್ತದೆ. ವಾದ ಮಾಡಲಿ, ಅದೇ ಭಾಷೆಯ ಪಾಠ. ತಿಂಗಳ ಕೊನೆಗೆ ಗುರುತುಗಳನ್ನು ಎಣಿಸಿ ಯಾವುದು ಜಾಸ್ತಿ ಯಾವುದು ಕಡಿಮೆ ಅಂತ ನೋಡಿದರೆ ಗಣಿತ. ಒಮ್ಮೆ ಸೆಪ್ಟೆಂಬರ್‌ನಲ್ಲಿ ಮಳೆಯ ಗುರುತು ಹಾಕಲು ಬಂದ ಹುಡುಗಿಯೊಬ್ಬಳು, ರಾತ್ರಿ ರಾಜಕಾಲುವೆ ನೀರು ಮನೆಯೊಳಗೆ ಬಂತು, ನಾವೆಲ್ಲ ಮಂಚದ ಮೇಲೆ ಕೂತಿದ್ದೆವು, ಅಜ್ಜಿ ಅಕ್ಕಿ ಡಬ್ಬ ಮಡಿಲಲ್ಲಿ ಇಟ್ಟುಕೊಂಡಿದ್ದಳು ಅಂದಳು. ಅವಳು ರಾತ್ರಿಯಿಡೀ ಮಲಗಿರಲಿಲ್ಲ. ಆ ದಿನ ಅವಳನ್ನು ಅಕ್ಷರಕ್ಕೆ ಕೂರಿಸಲಿಲ್ಲ. ಮೂಲೆಯ ಚಾಪೆ ಮೇಲೆ ಮಲಗಿಸಿದೆ. ಬೆಳಗ್ಗೆ ಮಾತಾಡುವ ಹದಿನೈದು ನಿಮಿಷ ಇಲ್ಲದಿದ್ದರೆ, ಈ ಮಗು ಇವತ್ತು ಯಾಕೋ ಗಮನ ಕೊಡುತ್ತಿಲ್ಲ ಅಂತ ಮಾತ್ರ ನನಗೆ ಅನ್ನಿಸುತ್ತಿತ್ತು. ಸುಮ್ನೆ ಟೈಮ್ ವೇಸ್ಟ್ ಅನ್ನುವವರು ಇದನ್ನು ಗಮನಿಸಬೇಕು.

ನಂತರ ಭಾಷೆ. ಇದಕ್ಕೆ ಎರಡು ಪೀರಿಯಡ್ ಸೇರಿಸಿ 80 ನಿಮಿಷ ಒಂದೇ ಉಸಿರಿಗೆ ಬೇಕು. ದಿನವೂ ಇದೇ ಹೊತ್ತು, ಮನಸ್ಸು ಚುರುಕಾಗಿರುವ ಹೊತ್ತು. ಇದರೊಳಗೆ ದಿನವೂ ನಾಲ್ಕು ಆಗಬೇಕು: ಮಾತು, ಅಕ್ಷರ ಮತ್ತು ಪದ, ಓದು, ಬರಹ. 2022ರ ಅಕ್ಟೋಬರ್‌ನಲ್ಲಿ ಬಂದ ಬುನಾದಿ ಹಂತದ (ಮೂರರಿಂದ ಎಂಟು ವರ್ಷದ ಮಕ್ಕಳ) ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೂ ಹೆಚ್ಚುಕಡಿಮೆ ಈ ನಾಲ್ಕನ್ನೇ ಹೇಳುತ್ತದೆ. ಆದರೆ ಬಹಳಷ್ಟು ಕ್ಲಾಸುಗಳಲ್ಲಿ ನಾಲ್ಕನೆಯದು ಒಂದೇ ನಡೆಯುತ್ತಿದೆ. ಬೋರ್ಡ್ ನೋಡಿ ಬರೆ, ಮತ್ತೆ ಬರೆ, ಮನೆಯಲ್ಲಿ ಇನ್ನೊಂದು ಪುಟ ಬರೆ.

ನಲಿ-ಕಲಿಯಲ್ಲಿ ಅ ಆ ಇ ಈಯಿಂದ ಶುರು ಮಾಡುವುದಿಲ್ಲ. ಮೊದಲು ರ, ಗ, ಸ, ದ, ಅ. ತಂದೆತಾಯಂದಿರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಆದರೆ ಈ ಐದೇ ಅಕ್ಷರ ಕೈಗೆ ಸಿಕ್ಕರೆ ಸರ, ರಸ, ದರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ವರ್ಣಮಾಲೆ ಪೂರ್ತಿ ಮುಗಿಯಲಿ ಅಂತ ಮಗು ಕಾಯಬೇಕಿಲ್ಲ. ಟಿಂಬರ್ ಅಂಗಡಿಯಲ್ಲಿ ಕೆಲಸ ಮಾಡುವವರ ಮಗನೊಬ್ಬ ನನ್ನ ಕ್ಲಾಸಿನಲ್ಲಿದ್ದ. ಯಾದಗಿರಿ ಕಡೆಯವರು. ಜೂನ್ ಪೂರ್ತಿ ಬಾಯಿ ಬಿಟ್ಟಿರಲಿಲ್ಲ. ಒಂದು ಬೆಳಗ್ಗೆ ಅಕ್ಷರದ ಬಿಲ್ಲೆಗಳನ್ನು ನೆಲದ ಮೇಲೆ ಹರಡಿಕೊಂಡು ಗ, ರ ಇಟ್ಟ. ಮತ್ತೆ ಒಂದು ಗ ಹುಡುಕಿದ. ಅವನ ತಟ್ಟೆಯಲ್ಲಿ ಇರಲಿಲ್ಲ. ಪಕ್ಕದವಳ ತಟ್ಟೆಯಿಂದ ಕೇಳಿ ತಗೊಂಡ. ಸ ಇಟ್ಟ. ಬೆರಳಿಟ್ಟು ಗ-ರ-ಗ-ಸ ಅಂದ. ನಿಲ್ಲಿಸಿದ. ‘ಗರಗಸ! ನಮ್ಮಪ್ಪಂದು!’ ಅಂತ ಕೂಗಿ, ಅದು ಎಷ್ಟು ಉದ್ದ, ಅದರ ಹಲ್ಲು ಹೆಂಗಿರ್ತಾವ, ಕರೆಂಟಿನದು ಬೇರೆ ಕೈಯಿಂದು ಬೇರೆ ಅಂತ ತನ್ನ ಊರಿನ ಮಾತಿನಲ್ಲಿ ಹೇಳುತ್ತಲೇ ಹೋದ. ಅವನು ಮುಗಿಸುವವರೆಗೆ ನಾನು ಕಾಯಬೇಕಾಯಿತು, ಕಾದೆ. 40 ನಿಮಿಷದ ಬೆಲ್ ಇದ್ದಿದ್ದರೆ ಎರಡನೇ ಗ ಹುಡುಕುವಷ್ಟರಲ್ಲಿ ಬಿಲ್ಲೆಗಳೆಲ್ಲ ಡಬ್ಬಕ್ಕೆ ಹೋಗಿರುತ್ತಿದ್ದವು.

ಬರವಣಿಗೆ ಹತ್ತು ಹದಿನೈದು ನಿಮಿಷ ಸಾಕು. ಅದಕ್ಕಿಂತ ಜಾಸ್ತಿ ಆದರೆ ಬೆರಳು ನೋಯುತ್ತದೆ, ಅಕ್ಷರ ಕೆಡುತ್ತದೆ. ಮಕ್ಕಳ ಎತ್ತರಕ್ಕೆ ಗೋಡೆಗೆ ಬಳಿದ ಕಪ್ಪು ಹಲಗೆ ಇದ್ದರೆ ನಿಂತುಕೊಂಡು ದೊಡ್ಡದಾಗಿ ಬರೆಯುತ್ತಾರೆ. ಪುಸ್ತಕದ ಎರಡು ಗೆರೆಯ ಮಧ್ಯೆ ಬರೆಯುವುದಕ್ಕೆ ಅದೇ ಅಭ್ಯಾಸ. ಇನ್ನು ಓದು ಅಂದರೆ ಟೀಚರ್ ದಿನಕ್ಕೊಂದು ಕತೆಯನ್ನು ಪುಸ್ತಕ ಹಿಡಿದು, ಚಿತ್ರ ತೋರಿಸಿ ಗಟ್ಟಿಯಾಗಿ ಓದಲೇಬೇಕು. ಪುಸ್ತಕ ಇಲ್ಲ ಅನ್ನುವ ಮಾತು ಈಗ ನಡೆಯುವುದಿಲ್ಲ. ನಮ್ಮ ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ 2004ರಿಂದ ಮಕ್ಕಳ ಪುಸ್ತಕ ತರುತ್ತಿದೆ. ಅವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಕತೆಗಳನ್ನು ಪುಕ್ಕಟೆ ಓದಬಹುದು, ಪ್ರಿಂಟ್ ತೆಗೆಯಬಹುದು.

ಗಣಿತಕ್ಕೂ ಹೀಗೇ 80 ನಿಮಿಷ. ಸಾಮಾನು ಕೊಳ್ಳಬೇಕಿಲ್ಲ. ಹುಣಸೆ ಬೀಜ, ಐಸ್‌ಕ್ರೀಮ್ ಕಡ್ಡಿ, ರಬ್ಬರ್ ಬ್ಯಾಂಡ್. ಹತ್ತು ಕಡ್ಡಿ ಆದ ತಕ್ಷಣ ಒಂದು ಕಟ್ಟು ಅನ್ನುವುದನ್ನು ಕೈಯಾರೆ ಕಟ್ಟಿದ ಮಗುವಿಗೆ ದಶಕ ಅಂದರೇನು ಅಂತ ವಿವರಿಸಬೇಕಿಲ್ಲ. ಅಳಗುಳಿ ಮಣೆ ಒಂದಿದ್ದರೆ ಗುಳಿಗೊಂದು ಬೀಜ ಹಾಕುತ್ತಾ ಹೋಗುವುದರಲ್ಲೇ ಎಣಿಕೆ ಗಟ್ಟಿಯಾಗುತ್ತದೆ. ಚೌಕಾಬಾರದ ಕವಡೆ ಹಾಕಿದರೆ ಕೂಡುವುದು ಬರುತ್ತದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ ಆಗುತ್ತದಲ್ಲ, ಆ ವಾರ ಕಡಲೆಕಾಯಿಯನ್ನೇ ತಂದು ಒಂದು ಬೀಜದ್ದು, ಎರಡು ಬೀಜದ್ದು, ಮೂರು ಬೀಜದ್ದು ಅಂತ ವಿಂಗಡಿಸಿ, ಒಡೆಯುವ ಮುಂಚೆ ಒಳಗೆ ಎಷ್ಟಿರಬಹುದು ಅಂತ ಊಹಿಸಿ, ಆಮೇಲೆ ಒಡೆದು ನೋಡಿ, ಎಲ್ಲರೂ ತಿನ್ನುತ್ತಿದ್ದೆವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಮ್ಮಂದಿರ ಪಿಂಕ್ ಟಿಕೆಟ್ ಮಕ್ಕಳ ಜೇಬಿಗೆ ಬಂದವು. ಅವನ್ನು ಹತ್ತರ ಕಟ್ಟು ಮಾಡಿ ಎಣಿಸಿದೆವು, ಅದರ ಮೇಲಿನ ಅಂಕಿಗಳನ್ನು ಓದಿದೆವು.

ಇನ್ನು ಯೋಜನೆ ಹಾಕುವವರು ಸಾಮಾನ್ಯವಾಗಿ ಬರೆಯುವುದನ್ನೇ ಬಿಡುವ ಭಾಗ ಇದೆ. ಒಂದು ಕೆಲಸದಿಂದ ಇನ್ನೊಂದು ಕೆಲಸಕ್ಕೆ ಹೋಗುವ ನಡುವಿನ ಮೂರು ನಿಮಿಷ. ಕ್ಲಾಸು ಕೆಡುವುದೇ ಇಲ್ಲಿ. ನನ್ನಲ್ಲಿ ಅದಕ್ಕೆ ಒಂದು ಚಪ್ಪಾಳೆಯ ತಾಳ ಇತ್ತು. ನಾನು ಶುರು ಮಾಡಿದರೆ ಮಕ್ಕಳು ಸೇರಿಕೊಳ್ಳುತ್ತಾರೆ. ತಾಳ ಮುಗಿಯುವಷ್ಟರಲ್ಲಿ ಕೈಯಲ್ಲಿದ್ದದ್ದು ಕೆಳಗೆ ಇರಬೇಕು. ಬಾಯಿಂದ ‘ಸುಮ್ಮನಿರಿ’ ಅನ್ನುವ ಮಾತೇ ಬೇಕಾಗುವುದಿಲ್ಲ. ಕಾರ್ಡ್ ಎತ್ತಿಡುವವರು, ಚಾಪೆ ಹಾಸುವವರು, ಹಲಗೆ ಒರೆಸುವವರು, ಗಿಡಕ್ಕೆ ನೀರು ಹಾಕುವವರು ಅಂತ ಕೆಲಸ ಹಂಚಿರುತ್ತಿದ್ದೆ. ಸೋಮವಾರ ಸೋಮವಾರ ಬದಲಾಗುತ್ತದೆ. ಎಲ್ಲ ಸಾಮಾನೂ ಮಕ್ಕಳ ಕೈಗೆಟುಕುವ ಎತ್ತರದಲ್ಲಿ, ಡಬ್ಬದ ಮೇಲೆ ಒಳಗಿರುವುದರ ಚಿತ್ರ. ಶೌಚಕ್ಕೂ ಒಂದು ಕ್ರಮ. ಬಾಗಿಲಿನ ಮೊಳೆಗೆ ಎರಡು ಮರದ ಬಳೆ ತೂಗುಹಾಕಿದ್ದೆ. ಬಳೆ ಹಾಕಿಕೊಂಡು ಇಬ್ಬರು ಜೊತೆಯಾಗಿ ಹೋಗಬೇಕು, ಬಂದು ತೂಗುಹಾಕಬೇಕು. ಕೇಳುವ ಹಾಗಿಲ್ಲ. ಕೇಳಲು ನಾಚಿಕೊಂಡು ಬಟ್ಟೆ ಒದ್ದೆ ಮಾಡಿಕೊಳ್ಳುವ ಮಕ್ಕಳು ಜೂನ್‌ನಲ್ಲಿ ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ಆ ಮಗುವಿನ ಅವಮಾನ ಸಣ್ಣದಲ್ಲ. ಬಳೆ ಬಂದ ಮೇಲೆ ಅದು ನಿಂತಿತು.

ಇದನ್ನೆಲ್ಲ ಕಲಿಸಲು ಜೂನ್ ತಿಂಗಳು ಬೇಕು. ಜೂನ್‌ನಲ್ಲಿ ಅಕ್ಷರಕ್ಕೆ ಆತುರ ಮಾಡಬಾರದು. ಚೀಟಿ ಹಾಕುವುದು, ಚಾಪೆ ಹಾಸುವುದು, ಕಾರ್ಡ್ ಸ್ವಸ್ಥಾನಕ್ಕೆ ಇಡುವುದು, ಸರದಿ ಕಾಯುವುದು, ಇವೇ ಆ ತಿಂಗಳ ಪಾಠ. ಇದನ್ನು ಗಟ್ಟಿ ಮಾಡಿಕೊಂಡ ಟೀಚರ್ ಜುಲೈಯಿಂದ ಓಡಬಹುದು.

ಮಧ್ಯಾಹ್ನ ಊಟ ಆದ ಮೇಲೆ ಹೊಸ ಪಾಠ ಬೇಡವೇ ಬೇಡ. ಕತೆ, ಪರಿಸರ, ಚಿತ್ರ, ಮಣ್ಣು, ಆಟ. ಕಾಂಪೌಂಡಿನಲ್ಲಿ ಬಿದ್ದ ಹೊಂಗೆ ಕಾಯಿ, ಮಳೆಮರದ ಕಾಯಿ ಆರಿಸಿ ತಂದು ನೀರಿಗೆ ಹಾಕಿ ಯಾವುದು ತೇಲುತ್ತದೆ ಯಾವುದು ಮುಳುಗುತ್ತದೆ ಅಂತ ನೋಡುವುದಕ್ಕೆ ಮಧ್ಯಾಹ್ನವೇ ಸರಿ. ಕೊನೆಗೆ, ಮಾಡಿದ್ದನ್ನೆಲ್ಲ ಕೋಣೆಯ ಮೇಲ್ಗಡೆ ಚಪ್ಪರದ ಹಾಗೆ ಕಟ್ಟಿದ ದಾರಕ್ಕೆ ತೂಗುಹಾಕಿ, ಇವತ್ತು ಮೊದಲು ಏನು ಮಾಡಿದೆವು, ಆಮೇಲೆ ಏನು ಮಾಡಿದೆವು ಅಂತ ಮಕ್ಕಳ ಬಾಯಿಂದಲೇ ಹೇಳಿಸಿ ಮನೆಗೆ ಕಳಿಸುವುದು.

ಹೊಸ ಟೀಚರುಗಳು ನನ್ನನ್ನು ಕೇಳುವುದು ಒಂದೇ: ಮೂವತ್ತು ಮಕ್ಕಳು, ಬೇರೆ ಬೇರೆ ಕೆಲಸಕ್ಕೆ ಕೂತ ಐದಾರು ಗುಂಪು, ಒಬ್ಬಳೇ ನಾನು, ಹೇಗೆ? ಇದಕ್ಕೆ ನನ್ನ ಉತ್ತರ: 80 ನಿಮಿಷದಲ್ಲಿ ನಿಜವಾಗಿ ಕೂತು ಕಲಿಸಲು ಆಗುವುದು ಎರಡು ಗುಂಪಿಗೆ ಮಾತ್ರ. ಆ ಎರಡು ಯಾವುವು ಅಂತ ಹಿಂದಿನ ಸಂಜೆಯೇ ನಿರ್ಧರಿಸಿ. ಹೊಸದನ್ನು ನೀವು ಕೂತಿರುವ ಕಡೆ ಮಾತ್ರ ಕಲಿಸಿ. ನೀವಿಲ್ಲದ ಗುಂಪಿಗೆ ಈಗಾಗಲೇ ಮಾಡಲು ಬರುವ ಕೆಲಸವನ್ನೇ ಕೊಡಿ: ಗೊತ್ತಿರುವ ಪದಗಳ ಜೋಡಿ ಆಟ, ಗೊತ್ತಿರುವ ಎಣಿಕೆ, ಗೆಳೆಯನಿಗೆ ಓದಿ ಹೇಳುವುದು. ಎಲ್ಲ ಗುಂಪಿಗೂ ಹೊಸದು ಕೊಟ್ಟರೆ ಎಲ್ಲರೂ ‘ಮಿಸ್, ಮಿಸ್’ ಅಂತ ನಿಮ್ಮ ಸೆರಗು ಹಿಡಿದು ನಿಲ್ಲುತ್ತಾರೆ, ತಪ್ಪು ಅವರದ್ದಲ್ಲ. ಪ್ರತಿ ನಿಮಿಷಕ್ಕೂ ಪ್ಲಾನ್ ಬರೆಯಬೇಡಿ. ನಾಳೆ ಯಾವ ಗುಂಪು, ಯಾವ ಕಾರ್ಡ್, ಯಾವ ಸಾಮಾನು, ಯಾವ ಕತೆ. ನಾಲ್ಕು ಸಾಲು ಸಾಕು. ವಾರದಲ್ಲಿ ಯಾವ ಮಗುವಿನ ಹತ್ತಿರ ಒಮ್ಮೆಯೂ ಕೂತಿಲ್ಲ ಅನ್ನುವುದನ್ನು ಶುಕ್ರವಾರ ನೋಡಿಕೊಳ್ಳಿ. ಸದ್ದು ಮಾಡದ ಮಕ್ಕಳೇ ಹಾಗೆ ತಪ್ಪಿಹೋಗುತ್ತಾರೆ.

ಖಾಸಗಿ ಶಾಲೆಯ ಆಡಳಿತದವರಲ್ಲಿ ನನ್ನ ಮನವಿ ಇಷ್ಟು. ಒಂದರಿಂದ ಮೂರನೇ ಕ್ಲಾಸಿನವರೆಗೆ ಬೆಲ್ ತೆಗೆದುಬಿಡಿ. ಎರಡೆರಡು ಪೀರಿಯಡ್ ಸೇರಿಸಿ. ವಾರದ ಎಲ್ಲ ದಿನವೂ ಒಂದೇ ಕ್ರಮ ಇರಲಿ. ಬೆಳಗಿನ ಹೊತ್ತು ಒಬ್ಬರೇ ಕ್ಲಾಸ್ ಟೀಚರ್ ಇರಲಿ, ಕಂಪ್ಯೂಟರ್, ಡ್ಯಾನ್ಸ್ ಎಲ್ಲ ಊಟದ ನಂತರ. ಪುಸ್ತಕಗಳು ಕ್ಲಾಸಿನ ಕಪಾಟಿನಲ್ಲೇ ಉಳಿದರೆ ಬ್ಯಾಗೂ ಹಗುರ. 2019ರ ಸರ್ಕಾರಿ ಆದೇಶದಲ್ಲಿ ಒಂದು ಎರಡನೇ ತರಗತಿಗೆ ಬ್ಯಾಗು 2 ಕೆ.ಜಿ. ಮೀರಬಾರದು, ಹೋಂವರ್ಕ್ ಕೊಡಬಾರದು ಅಂತ ಸ್ಪಷ್ಟವಾಗಿ ಇದೆ. ಇದಕ್ಕೆ ಖರ್ಚು ಏನೂ ಇಲ್ಲ, ಹೊಸ ಟೈಮ್ ಟೇಬಲ್ ಬರೆಯುವ ಒಂದು ಸಂಜೆ ಬೇಕು ಅಷ್ಟೇ.

ಸರ್ಕಾರಿ ಶಾಲೆಗಳಲ್ಲಿ ತೊಂದರೆ ಬೇರೆ ಥರದ್ದು. ಅಲ್ಲಿ ಕ್ರಮ ಚೆನ್ನಾಗಿದೆ, ಕಾಯಲು ಬಿಡುವುದಿಲ್ಲ. ಹತ್ತೂವರೆಗೆ ಮೊಬೈಲ್ ಟಣ್ ಅನ್ನುತ್ತದೆ. ಹಾಲಿನ ಲೆಕ್ಕ, ಮೊಟ್ಟೆಯ ಲೆಕ್ಕ, ಫೋಟೋ, ‘ತುರ್ತು’ ಮಾಹಿತಿ. ಗರಗಸದ ಹತ್ತಿರ ಬೆರಳಿಟ್ಟ ಮಗುವನ್ನು ಬಿಟ್ಟು ಟೀಚರ್ ಫೋನ್ ಹಿಡಿಯಬೇಕು. ಮಾಹಿತಿ ಬೇಡ ಅಂತ ನಾನು ಹೇಳುತ್ತಿಲ್ಲ, ಸಂಜೆ ಮೂರೂವರೆ ಮೇಲೆ ಕೇಳಿ. ಮೀಟಿಂಗ್ ಕರೆಯುವುದಿದ್ದರೂ ಮಧ್ಯಾಹ್ನದ ಮೇಲೆ ಕರೆಯಿರಿ. ಮಗು ಬೆಳಗ್ಗೆ ಬಂದಾಗ ಟೀಚರ್ ಕ್ಲಾಸಿನಲ್ಲಿ ಇರಬೇಕು.

ಸಮೀಕ್ಷೆ ಕೆಲಸಗಳ ವಿಷಯವನ್ನೂ ಹೇಳಲೇಬೇಕು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಯಾವುದಕ್ಕೂ ಟೀಚರುಗಳನ್ನು ಹಾಕಬಾರದು ಅಂತ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. 2025ರಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗಾಗಿ ದಸರೆ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಿದರು. ಹೋದ ಗಂಟೆಗಳನ್ನು ಹೆಚ್ಚುವರಿ ತರಗತಿ ಮಾಡಿ ತುಂಬಬಹುದು ಅನ್ನುವ ಲೆಕ್ಕ ದೊಡ್ಡ ಮಕ್ಕಳಿಗೆ ಸರಿ. ಒಂದನೇ ಕ್ಲಾಸಿನವರು ಅಷ್ಟು ದಿನ ಬಿಟ್ಟು ಬಂದರೆ ಜೂನ್‌ನಲ್ಲಿ ಕಲಿತ ಅಭ್ಯಾಸವೇ ಕಳಚಿಹೋಗಿರುತ್ತದೆ. ಚೀಟಿ ಹಾಕುವುದರಿಂದ ಮತ್ತೆ ಶುರು ಮಾಡಬೇಕು. ಕೊನೇಪಕ್ಷ ಒಂದು ಕೆಲಸ ಮಾಡಬಹುದು. ಇಂಥ ಡ್ಯೂಟಿ ಹಾಕಲೇಬೇಕಾಗಿ ಬಂದಾಗ, ಒಬ್ಬರಿಗಿಂತ ಜಾಸ್ತಿ ಟೀಚರ್ ಇರುವ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಯ ಟೀಚರ್ ಹೆಸರನ್ನು ಪಟ್ಟಿಯ ಕೊನೆಯಲ್ಲಿ ಇಡಲಿ. ಈಗ ಆಗುತ್ತಿರುವುದು ತಿರುಗಾಮುರುಗಾ. ‘ಸಣ್ಣ ಕ್ಲಾಸು ತಾನೇ, ಒಂದು ವಾರ ಯಾರಾದರೂ ನೋಡ್ಕೋತಾರೆ’ ಅಂತ ಮೊದಲು ಅವರನ್ನೇ ಕಳಿಸುತ್ತಾರೆ.

ತಂದೆತಾಯಂದಿರಿಗೂ ಒಂದು ಮಾತು. ಹತ್ತು ನಿಮಿಷ ತಡವಾದರೆ ಏನೂ ಪರವಾಗಿಲ್ಲ, ಪ್ರಾರ್ಥನೆ ತಾನೇ ತಪ್ಪುವುದು ಅಂದುಕೊಳ್ಳುತ್ತೀರಿ. ಟ್ರಾಫಿಕ್ ಗೊತ್ತು, ಕಾರ್ಖಾನೆ ಶಿಫ್ಟ್ ಗೊತ್ತು. ಆದರೂ ಚೀಟಿ ಹಾಕಿ, ಮೋಡ ನೋಡಿ, ಎಲ್ಲರ ಜೊತೆ ಮಾತಾಡಿ ಮುಗಿದ ಮೇಲೆ ಒಳಗೆ ಬಂದ ಮಗು ಆ ದಿನ ಮಧ್ಯಾಹ್ನದವರೆಗೂ ಬಾಗಿಲ ಹತ್ತಿರವೇ ಕೂತಿರುತ್ತದೆ. ಇದನ್ನು ನಾನು ವರ್ಷ ವರ್ಷವೂ ನೋಡಿದ್ದೇನೆ.

ಕಡೆಯದಾಗಿ, ಈಗ ಕೆಲಸದಲ್ಲಿರುವ ಟೀಚರುಗಳಿಗೆ ಒಂದು ಪ್ರಶ್ನೆ. ನಮ್ಮ ಶಾಲೆಗೆ ಸಣ್ಣದಾದರೂ ಅಂಗಳ ಇತ್ತು. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಡದ ಎರಡನೇ ಮಹಡಿಯಲ್ಲಿ, ಅಂಗಳವೇ ಇಲ್ಲದೆ, ನಲವತ್ತು ಮಕ್ಕಳನ್ನು ಇಟ್ಟುಕೊಂಡು ಒಂದನೇ ಕ್ಲಾಸು ನಡೆಸುವವರು ಎಷ್ಟೋ ಜನ ಇದ್ದೀರಿ. ಭಾಷೆಯ 80 ನಿಮಿಷ ಆದ ಮೇಲೆ ಮಕ್ಕಳ ಕೈಕಾಲು ಆಡಬೇಕಲ್ಲ, ಆ ಹತ್ತು ನಿಮಿಷಕ್ಕೆ ನೀವು ಏನು ಮಾಡುತ್ತೀರಿ? ನನ್ನ ಸೊಸೆಯ ಕ್ಲಾಸೂ ಅಂಥದ್ದೇ. ನೀವು ಮಾಡುವುದನ್ನು ಇದೇ ಪುಟಕ್ಕೆ ಬರೆದು ಕಳಿಸಿದರೆ ಅವಳೂ, ಅವಳಂಥ ಎಷ್ಟೋ ಟೀಚರುಗಳೂ ಮರುದಿನವೇ ಮಾಡಿ ನೋಡುತ್ತಾರೆ.

ಇಂತಿ,
ನಿವೃತ್ತ ನಲಿ-ಕಲಿ ಶಿಕ್ಷಕಿ
ಬೆಂಗಳೂರು